ಎಚ್‌ಟಿಎಂಎಕ್ಸ್ 2.0: ಜಾವಾಸ್ಕ್ರಿಪ್ಟ್ ಕಮ್ಮಿ, ನೆಮ್ಮದಿ ಜಾಸ್ತಿ

ಗೋಡೌನ್ ಸ್ಟಾಕ್ ನೋಡುವ ಚಿಕ್ಕ ಆ್ಯಪ್. ನಾಲ್ಕು ಟೇಬಲ್, ಒಂದು ಸರ್ಚ್ ಬಾಕ್ಸ್, ಅಷ್ಟೇ. ಇದಕ್ಕೂ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬೇಕಾ ಅಂತ ಟೀಮಿನಲ್ಲಿ ಜಗಳವೇ ಆಯಿತು. ರೆಸ್ಯೂಮೆಗೋಸ್ಕರ ಸ್ಟ್ಯಾಕ್ (ಆ್ಯಪ್ ಕಟ್ಟುವ ಟೂಲ್‌ಗಳ ಸೆಟ್) ಆರಿಸುವವರೇ ನಮ್ಮಲ್ಲಿ ಜಾಸ್ತಿ, ಅಲ್ವಾ? ಕೊನೆಗೆ ಸರ್ವರ್‌ಗೆ ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್), ಪುಟಕ್ಕೆ 2024ರಲ್ಲಿ ಬಂದ ಎಚ್‌ಟಿಎಂಎಕ್ಸ್ 2.0 ಹಾಕಿದೆವು. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಬರೆದ ಆಟ್ರಿಬ್ಯೂಟ್‌ಗಳಿಂದಲೇ ಸರ್ವರ್ ಜೊತೆ ಮಾತಾಡುವ ಚಿಕ್ಕ ಜಾವಾಸ್ಕ್ರಿಪ್ಟ್ ಲೈಬ್ರರಿ ಇದು.

ಯಾವ ವಿಳಾಸಕ್ಕೆ ರಿಕ್ವೆಸ್ಟ್ ಹೋಗಬೇಕು ಅಂತ ಇನ್‌ಪುಟ್ ಟ್ಯಾಗ್‌ಗೆ ಎಚ್‌ಎಕ್ಸ್-ಗೆಟ್ ಅನ್ನುವ ಒಂದು ಆಟ್ರಿಬ್ಯೂಟ್ ಕೊಡಬೇಕು. ಉತ್ತರ ಎಲ್ಲಿ ಕೂರಬೇಕು ಅಂತ ಎಚ್‌ಎಕ್ಸ್-ಟಾರ್ಗೆಟ್‌ನಲ್ಲಿ ಹೇಳಬೇಕು. ಸರ್ವರ್‌ನಿಂದ ಜೇಸನ್ (ಬರೀ ಡೇಟಾ) ಬರುವುದಿಲ್ಲ, ಸೀದಾ ಎಚ್‌ಟಿಎಂಎಲ್ ತುಂಡೇ ಬರುತ್ತದೆ. ಸರ್ಚ್ ಬಾಕ್ಸಿನ ಟ್ರಿಗರ್‌ನಲ್ಲಿ (ರಿಕ್ವೆಸ್ಟ್ ಯಾವಾಗ ಹೋಗಬೇಕು ಅಂತ ಹೇಳುವ ಜಾಗ) 300 ಮಿಲಿಸೆಕೆಂಡ್ ಡಿಲೇ ಬರೆದೆ. ಟೈಪ್ ಮಾಡುವ ಕೈ ನಿಂತ ಮೇಲಷ್ಟೇ ರಿಕ್ವೆಸ್ಟ್ ಹೋಗುತ್ತದೆ. ಕೋಡನ್ನು ಬ್ರೌಸರ್‌ಗೆ ತಯಾರು ಮಾಡುವ ಬಿಲ್ಡ್ ಸ್ಟೆಪ್ ಇಲ್ಲ, ಲೈಬ್ರರಿಗಳು ತುಂಬಿದ ಆ ದೈತ್ಯ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಇಲ್ಲ. ಒಂದೇ ಸ್ಕ್ರಿಪ್ಟ್ ಟ್ಯಾಗ್.

ತೊಂದರೆ ಇಲ್ವಾ? ಇದೆ. ಸರ್ವರ್ 404 (ಕೇಳಿದ್ದು ಸಿಗಲಿಲ್ಲ) ಅಥವಾ 500 (ಸರ್ವರ್‌ನಲ್ಲೇ ತಪ್ಪು) ಎರರ್ ಕೊಟ್ಟರೆ ಪುಟದಲ್ಲಿ ಏನೂ ಬದಲಾಗುವುದಿಲ್ಲ. ಪಾಪ, ಬಳಸುವವರು ಸುಮ್ನೆ ಬಟನ್ ಒತ್ತುತ್ತಲೇ ಇರುತ್ತಾರೆ. ಎರರ್ ತೋರಿಸುವ ಕೋಡ್ ನಾವೇ ಬರೆಯಬೇಕು. ನೆಟ್ ಇಲ್ಲದಾಗಲೂ ಓಡಬೇಕಾದ ಆ್ಯಪ್‌ಗೆ, ಫಿಗ್ಮಾ (ಬ್ರೌಸರ್‌ನಲ್ಲೇ ಡಿಸೈನ್ ಮಾಡುವ ಟೂಲ್) ತರಹದ ಎಡಿಟರ್‌ಗೆ ಇದನ್ನು ಹಾಕಬೇಡಿ. ಅಲ್ಲಿಗೆ ರಿಯಾಕ್ಟೇ ಸರಿ.