ಹಳೆಯ ಬ್ಯಾಡ್ಜ್ ಎಲ್ಲಿಟ್ಟರೆ ಉಳಿಯುತ್ತದೆ? ಬೋರ್ಡು, ಆಲ್ಬಂ, ಡಬ್ಬಿ, ಟ್ರೇ: ಒಂದು ಹೋಲಿಕೆ

ಪಿನ್ ಬ್ಯಾಡ್ಜ್ ಕೂಡಿಡುವವರು ಮೈಸೂರು, ಮಂಡ್ಯದ ಕಡೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಬಟ್ಟೆ ಹೊದಿಸಿದ ಬೋರ್ಡಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಾರೆ, ಇಲ್ಲವೇ ನಾಣ್ಯದ ಆಲ್ಬಮ್ಮಿಗೆ ತುಂಬುತ್ತಾರೆ, ಇಲ್ಲವೇ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಕೆಲವರು ಮಾತ್ರ ಫೋಮ್ ಹಾಸಿದ ಟ್ರೇ ಮಾಡಿಕೊಳ್ಳುತ್ತಾರೆ. ಬೇಸಿಗೆ, ಮಳೆಗಾಲ ಎರಡನ್ನೂ ದಾಟಿಸಿ ಈ ನಾಲ್ಕನ್ನೂ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: ಹೆಚ್ಚಿನ ಬ್ಯಾಡ್ಜುಗಳಿಗೆ ಟ್ರೇ ಒಳ್ಳೆಯದು, ಬಣ್ಣ ನೇರವಾಗಿ ತಗಡಿನ ಮೇಲಿರುವವಕ್ಕೆ ಡಬ್ಬಿ ಇನ್ನೂ ಒಳ್ಳೆಯದು, ಆದರೆ ಅದೇ ಡಬ್ಬಿ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬ್ಯಾಡ್ಜನ್ನು ಕೊಲ್ಲುತ್ತದೆ. ಹಾಗಾಗಿ ಎಲ್ಲಿಡಬೇಕು ಎನ್ನುವ ಮೊದಲು, ಕೈಯಲ್ಲಿರುವುದು ಯಾವ ಕಾಲದ ಯಾವ ಕಟ್ಟಿನದು ಎಂದು ಗೊತ್ತಾಗಬೇಕು.

ಅಮೆರಿಕದಲ್ಲಿ 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಾಗ ಜನ ಧರಿಸಿದ್ದು ಕೋಟಿಗೆ ಹೊಲಿಯುವ ಹಿತ್ತಾಳೆ ಗುಂಡಿ. 1860ರಲ್ಲಿ ಲಿಂಕನ್ ಚುನಾವಣೆಗೆ ನಿಂತಾಗ ತೆಳು ಕಬ್ಬಿಣದ ಮೇಲೆ ತೆಗೆದ ಪುಟ್ಟ ಫೋಟೋ ಇರುವ ಪದಕಗಳು ಬಂದವು. ನಾವಿಂದು ಬ್ಯಾಡ್ಜ್ ಎನ್ನುವ ಕಟ್ಟು 1890ರ ದಶಕದ್ದು. ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿದ್ದ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಯ ಬ್ಯಾಡ್ಜುಗಳ ಬೆನ್ನಿನ ಕಾಗದದಲ್ಲಿ 1896ರ ಜುಲೈ 21ರ ಪೇಟೆಂಟ್ ದಿನಾಂಕ ಇರುತ್ತದೆ. ಅದೇ ವರ್ಷ ಮೆಕಿನ್ಲಿ ಮತ್ತು ಬ್ರಯನ್ ನಡುವೆ ನಡೆದ ಅಧ್ಯಕ್ಷ ಚುನಾವಣೆಯಲ್ಲಿ ಈ ಬ್ಯಾಡ್ಜುಗಳು ಊರೂರಿಗೆ ಹಂಚಿಹೋದವು. ಕಟ್ಟು ಸರಳ: ಕೆಳಗೆ ಉಬ್ಬಿದ ತಗಡಿನ ಬಿಲ್ಲೆ, ಅದರ ಮೇಲೆ ಮುದ್ರಿತ ಕಾಗದ, ಅದರ ಮೇಲೆ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ, ಮೂರನ್ನೂ ಅಂಚಿನಲ್ಲಿ ಹಿಂದಕ್ಕೆ ಮಡಚಿ ಲೋಹದ ಬಳೆಯೊಂದು ಬಿಗಿಹಿಡಿಯುತ್ತದೆ. ಆ ಬಳೆಯೊಳಗೆ ಸ್ಪ್ರಿಂಗಿನಂತೆ ಕೂರುವ ತಂತಿಯೇ ಪಿನ್ನು.

ಸುಮಾರು 1920ರ ಹೊತ್ತಿಗೆ ಕಾಗದವೂ ಬೇಡ, ಹಾಳೆಯೂ ಬೇಡ ಎಂದು ತಗಡಿನ ಮೇಲೆಯೇ ಬಣ್ಣ ಅಚ್ಚೊತ್ತುವ ಲಿಥೋ ಬ್ಯಾಡ್ಜ್ ಹಬ್ಬಿತು. ಅಗ್ಗ, ವೇಗ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಕೆಲಾಗ್ಸ್ ಕಂಪನಿ ಪೆಪ್ ಸೀರಿಯಲ್ ಪೊಟ್ಟಣದಲ್ಲಿ ಹಾಕಿಕೊಟ್ಟ ಕಾಮಿಕ್ ಪಾತ್ರಗಳ ಪುಟ್ಟ ಬ್ಯಾಡ್ಜುಗಳು ಈ ಬಗೆಯವು. ಇವತ್ತು ನಮ್ಮ ಗಿಫ್ಟ್ ಅಂಗಡಿಗಳಲ್ಲಿ ಕೈಯಂತ್ರದಿಂದ ಒತ್ತಿಕೊಡುವ 58 ಮಿ.ಮೀ. ಅಥವಾ 44 ಮಿ.ಮೀ. ಬಟನ್ ಬ್ಯಾಡ್ಜ್ ಮತ್ತೆ ಹಳೆಯ ಮೂರು ಪದರದ ಕಟ್ಟಿಗೇ ಮರಳಿದೆ. ಸೆಲ್ಯುಲಾಯ್ಡ್ ಜಾಗದಲ್ಲಿ ಪಾಲಿಯೆಸ್ಟರ್ ಹಾಳೆ ಬಂದಿದೆ, ಅಷ್ಟೇ.

ಸೆಲ್ಯುಲಾಯ್ಡ್, ಲಿಥೋ, ಹೊಸ ಪಾಲಿಯೆಸ್ಟರ್ ಈ ಮೂರು ಬಗೆಯನ್ನು ಗುರುತಿಸಲು ಬ್ಯಾಡ್ಜನ್ನು ಓರೆಯಾಗಿ ಹಿಡಿದು ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಹಿಂದಕ್ಕೆ ಮಡಚಿದ ಕಡೆಯೂ ಬಣ್ಣ ತಗಡಿಗೇ ಅಂಟಿದ್ದು, ಗೀರಿದಲ್ಲಿ ಲೋಹ ಹೊಳೆದರೆ ಲಿಥೋ. ಹಾಳೆಯ ಅಂಚು ಕಂಡರೆ ಪದರದ್ದು. ಅದರಲ್ಲಿ ಸೆಲ್ಯುಲಾಯ್ಡ್ ಯಾವುದೆಂದು ತಿಳಿಯಲು ಮೇಲ್ಮೈಯನ್ನು ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಮೂಸಿ ನೋಡಿ; ಕರ್ಪೂರದ ವಾಸನೆ ಬರುತ್ತದೆ. ಸೆಲ್ಯುಲಾಯ್ಡನ್ನು ಬಾಗುವಂತೆ ಮಾಡಲು ಅದರ ಮೂಲವಸ್ತುವಾದ ನೈಟ್ರೋಸೆಲ್ಯುಲೋಸ್‌ಗೆ ಬೆರೆಸುತ್ತಿದ್ದದ್ದು ಕರ್ಪೂರವನ್ನೇ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸುವುದನ್ನು ಮಾತ್ರ ಖಂಡಿತ ಮಾಡಬೇಡಿ. ಅದು ಭಗ್ಗನೆ ಹೊತ್ತಿಕೊಳ್ಳುವ ವಸ್ತು.

ಈಗ ಒಂದೊಂದೇ ದಾರಿ.

ಗೋಡೆಯ ಬೋರ್ಡು ನೋಡಲು ಚೆನ್ನ, ಉಳಿಸುವುದರಲ್ಲಿ ನಾಲ್ಕರಲ್ಲಿ ಕೊನೆಯದು. ಹಾಳಾಗುವುದು ಮೊದಲು ಪಿನ್ನು. ದಪ್ಪ ಬಟ್ಟೆಗೆ ಚುಚ್ಚಿ ತೆಗೆಯುವಾಗ ತಂತಿ ಬಳೆಯೊಳಗಿಂದ ಸಡಿಲವಾಗುತ್ತದೆ. ಬಲವಂತ ಮಾಡಿದರೆ ಬಳೆಯೇ ಎದ್ದು ಕಾಗದ ಮಡಿಕೆಯಲ್ಲಿ ಹರಿಯುತ್ತದೆ. ಎರಡನೆಯದು ಬೆಳಕು. ಪಶ್ಚಿಮದ ಕಿಟಕಿಯ ಎದುರಿಗಿದ್ದರೆ ಮಾರ್ಚ್, ಏಪ್ರಿಲ್ ಬಿಸಿಲಿಗೆ ಕೆಂಪು ಮತ್ತು ಹಳದಿ ಮೊದಲು ಮಾಸುತ್ತವೆ. ಕನ್ನಡ ಬಾವುಟದ ಬ್ಯಾಡ್ಜಿನಲ್ಲಿ ಇರುವುದೇ ಆ ಎರಡು ಬಣ್ಣ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಹೊಸ ಬ್ಯಾಡ್ಜು ಲೇಸರ್ ಮುದ್ರಣದ್ದಕ್ಕಿಂತ ಬೇಗ ಬಿಳಿಚಿಕೊಳ್ಳುತ್ತದೆ. ಮೂರನೆಯದು ಗೋಡೆಯ ತೇವ. ಹೊರಗೋಡೆಗೆ ತಗುಲಿಸಿದ ಬೋರ್ಡಿನ ಬೆನ್ನಲ್ಲಿ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ನಾಲೆ, ಗದ್ದೆ ಬಯಲಿನ ಪಕ್ಕದ ಮನೆಗಳಲ್ಲಿ ಇದು ಇನ್ನೂ ಬೇಗ. ತೂಗುಹಾಕಲೇಬೇಕೆಂದರೆ ಒಳಗೋಡೆ ಆರಿಸಿ, ಚೌಕಟ್ಟಿನ ನಾಲ್ಕು ಮೂಲೆಗೂ ಬಾಟಲಿ ಕಾರ್ಕಿನ ಬಿಲ್ಲೆ ಅಂಟಿಸಿ ಗೋಡೆಯಿಂದ ಒಂದು ಸೆಂ.ಮೀ. ದೂರ ನಿಲ್ಲಿಸಿ. ಉಣ್ಣೆಯ ಫೆಲ್ಟ್ ಬೇಡ. ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಒಗೆದು ಗಂಜಿ ಹೋಗಿಸಿದ ಬಿಳಿ ಹತ್ತಿ ಬಟ್ಟೆ ಸಾಕು. ಮುಂದಿನ ಗಾಜು ಬ್ಯಾಡ್ಜಿನ ಉಬ್ಬಿಗೆ ತಾಗಬಾರದು. ತಾಗಿದ ಹಾಳೆ ಸೆಕೆಗೆ ಗಾಜಿಗೆ ಅಂಟಿಕೊಂಡು ಬಿಡಿಸಿದಾಗ ಮಚ್ಚೆ ಉಳಿಯುತ್ತದೆ.

ನಾಣ್ಯದ ಆಲ್ಬಮ್ಮಿನ ಲಾಭ ಒಂದೇ: ಹಿಂದೆ ಮುಂದೆ ಎರಡೂ ಕಾಣುತ್ತದೆ. ಬೆನ್ನಿನ ಕಾಗದದಲ್ಲೇ ತಯಾರಕರ ಹೆಸರು ಇರುವುದರಿಂದ ಇದು ಸಣ್ಣ ಲಾಭವಲ್ಲ. ಆದರೆ ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ ಮೆತ್ತನೆಯ ಪುಟಗಳು ಪಿವಿಸಿ. ಸೆಕೆಗೆ ಅದರೊಳಗಿನ ಮೆದುಕಾರಿ ಎಣ್ಣೆ ಹೊರಬಂದು ಬ್ಯಾಡ್ಜಿನ ಮೇಲೆ ಜಿಗುಟಾಗಿ ಕೂರುತ್ತದೆ, ಹಿತ್ತಾಳೆಯ ಬಳೆ ಹಸಿರಾಗುತ್ತದೆ. ಪಾಲಿಪ್ರೊಪಿಲೀನ್ ಪುಟ ಕೇಳಿ ತನ್ನಿ. ಅದು ಗಡುಸು, ಅಲುಗಿಸಿದರೆ ಸರಸರ ಸದ್ದು ಮಾಡುತ್ತದೆ, ಹೊಸ ಮಳೆಕೋಟಿನ ವಾಸನೆ ಇರುವುದಿಲ್ಲ. ಎರಡು ಇಂಚಿನ ಕಿಸೆಗೆ 44 ಮಿ.ಮೀ. ಬ್ಯಾಡ್ಜ್ ಹಿಡಿಯುತ್ತದೆ, 58 ಹಿಡಿಯುವುದಿಲ್ಲ. ಪುಟ ತುಂಬಿದರೆ ಭಾರಕ್ಕೆ ಜೋಲುತ್ತದೆ, ಮೇಲಿನ ಪುಟದ ಪಿನ್ನು ಕೆಳಗಿನ ಬ್ಯಾಡ್ಜಿನ ಮುಖ ಗೀರುತ್ತದೆ. ಪುಟಪುಟಗಳ ನಡುವೆ ತೆಳು ಫೋಮ್ ಹಾಳೆ ಇಟ್ಟು, ಆಲ್ಬಮ್ಮನ್ನು ನಿಲ್ಲಿಸದೆ ಮಲಗಿಸಿಟ್ಟರೆ 32 ಮಿ.ಮೀ.ವರೆಗಿನ ಬ್ಯಾಡ್ಜುಗಳಿಗೆ ಪರವಾಗಿಲ್ಲ.

ಡಬ್ಬಿಯ ವಿಷಯ ಹೆಚ್ಚು ಹೇಳಬೇಕು. ತಪ್ಪುವುದು ಇಲ್ಲೇ.

ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿದರೆ ತೇವ ಹತೋಟಿಗೆ ಬರುತ್ತದೆ. 10 ಲೀಟರ್ ಡಬ್ಬಿಗೆ 100 ಗ್ರಾಂ ಜೆಲ್ ಹಾಕಿ. ಡಬ್ಬಿಯ ಗಾಳಿಯಲ್ಲಿರುವುದಕ್ಕಿಂತ ಹೆಚ್ಚು ನೀರು ಕಾಗದ, ರಟ್ಟುಗಳು ಹೀರಿಕೊಂಡಿರುತ್ತವೆ, ಅದೆಲ್ಲ ನಿಧಾನವಾಗಿ ಹೊರಬರುತ್ತದೆ. ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಪುಟ್ಟ ಪೊಟ್ಟಣಗಳು ಅಲ್ಲಿಯೇ ನೀರು ಕುಡಿದು ಮುಗಿಸಿರುತ್ತವೆ, ಲೆಕ್ಕಕ್ಕಿಲ್ಲ. ಬಣ್ಣ ಬದಲಿಸುವ ಕಿತ್ತಳೆ ಜೆಲ್ ಕೊಂಡರೆ ತುಂಬಿದಾಗ ಕಡುಹಸಿರಾಗುತ್ತದೆ. ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಒಳಗೊಂದು ಚಿಕ್ಕ ಡಿಜಿಟಲ್ ತೇವಮಾಪಕ ಇಡಿ. ಶೇ. 40ರಿಂದ 50 ಇರಲಿ. ಶೇ. 35ಕ್ಕಿಂತ ಇಳಿದರೆ ಅರ್ಧ ಜೆಲ್ ತೆಗೆಯಿರಿ. ಅತಿ ಒಣಗಿದರೆ ಪದರದ ಬ್ಯಾಡ್ಜಿನ ಕಾಗದ ಕುಗ್ಗಿ ಹಾಳೆಯಡಿ ಸುಕ್ಕು ಬೀಳುತ್ತದೆ.

ಲಿಥೋ ಬ್ಯಾಡ್ಜಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದರ ಶತ್ರು ತುಕ್ಕು ಒಂದೇ, ಅದು ಹುಟ್ಟುವುದು ಗೀರಿದಲ್ಲಿ ಮತ್ತು ಬಣ್ಣ ಬಿರುಕುಬಿಟ್ಟ ಅಂಚಿನಲ್ಲಿ. ತೇವ ತಪ್ಪಿಸಿದರೆ ಅದು ನಿಂತುಹೋಗುತ್ತದೆ. ಹೊಸ ಪಾಲಿಯೆಸ್ಟರ್ ಬ್ಯಾಡ್ಜಿಗೂ ಡಬ್ಬಿ ಸರಿ. ಸೆಲ್ಯುಲಾಯ್ಡಿನದು ಪೂರ್ತಿ ಬೇರೆ ಕತೆ. ವಯಸ್ಸಾದಂತೆ ಅದು ತಾನೇ ಕೊಳೆಯುತ್ತ ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ. ಅದು ತೇವದೊಂದಿಗೆ ಸೇರಿ ಆಮ್ಲವಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆಮ್ಲ ಹೊರಹೋಗಲಾರದೆ ಕೊಳೆಯುವುದನ್ನೇ ಇನ್ನಷ್ಟು ವೇಗ ಮಾಡುತ್ತದೆ, ಪಕ್ಕದ ಬ್ಯಾಡ್ಜುಗಳ ಲೋಹವನ್ನೂ ತಿನ್ನುತ್ತದೆ. ಹಾಳೆ ಹಳದಿಗಟ್ಟುವುದು, ಬಲೆಯಂಥ ಸೀಳು, ಹಿಂಬದಿಯಲ್ಲಿ ಹಸಿರು ಪುಡಿ ಕಂಡರೆ ಆ ಬ್ಯಾಡ್ಜನ್ನು ಅಂದೇ ಬೇರೆ ಮಾಡಿ. ನುಸಿಗುಳಿಗೆಯನ್ನು ಯಾವ ಡಬ್ಬಿಗೂ ಹಾಕಬೇಡಿ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ.

ಟ್ರೇ ಮಾಡಿಕೊಳ್ಳುವುದು ಒಂದು ಸಂಜೆಯ ಕೆಲಸ. ಬೇಕರಿಯವರು ಬಳಸುವ 30×40 ಸೆಂ.ಮೀ. ಅಲ್ಯುಮಿನಿಯಂ ಟ್ರೇ ತನ್ನಿ. ಟಿ.ವಿ. ಪೆಟ್ಟಿಗೆಯಲ್ಲಿ ಬರುವಂಥ ಬಿಳಿ ಇಪಿಇ ಫೋಮ್ 10 ಮಿ.ಮೀ. ದಪ್ಪದ್ದನ್ನು ಅಳತೆಗೆ ಕತ್ತರಿಸಿ ಹಾಸಿ. ಸೋಫಾದ ಹಳದಿ ಫೋಮ್ ಬೇಡ, ಅದು ಕಾಲಕ್ರಮೇಣ ಪುಡಿಯಾಗಿ ಅಂಟುತ್ತದೆ. ಹೊಸ ಬ್ಲೇಡಿನಿಂದ ಸಾಲಾಗಿ 25 ಮಿ.ಮೀ. ಉದ್ದದ ಸೀಳು ಹಾಕಿ. ಪಿನ್ನನ್ನು ಕೊಕ್ಕೆಯಲ್ಲಿ ಮುಚ್ಚಿಯೇ ಇಟ್ಟು, ಅದರ ಉಬ್ಬು ಸೀಳಿನೊಳಗೆ ಕೂರುವಂತೆ ಮೆಲ್ಲಗೆ ಒತ್ತಿ. ಪಿನ್ನು ಚುಚ್ಚುವ ಪ್ರಸಂಗವೇ ಇಲ್ಲ. 65 ಮಿ.ಮೀ. ಅಂತರ ಕೊಟ್ಟರೆ 58ರ ಬ್ಯಾಡ್ಜ್ 24 ಹಿಡಿಯುತ್ತವೆ, 40 ಮಿ.ಮೀ. ಅಂತರದಲ್ಲಿ 32ರದು 70. ಮೇಲೊಂದು ಬಿಳಿ ಹತ್ತಿ ಬಟ್ಟೆ ಹೊದಿಸಿ. ಧೂಳು ಬೀಳುವುದಿಲ್ಲ, ಗಾಳಿಯಾಡುತ್ತದೆ, ಸೆಲ್ಯುಲಾಯ್ಡಿಗೆ ಬೇಕಾದ್ದೇ ಅದು. ಟ್ರೇ ಇಡಲು ಪ್ಲೈವುಡ್ ಕಪಾಟಿಗಿಂತ ಕಬ್ಬಿಣದ ಬೀರು ವಾಸಿ. ಹೊಸ ಪ್ಲೈವುಡ್, ಎಂಡಿಎಫ್‌ನ ಅಂಟಿನಿಂದ ಹೊರಡುವ ಆವಿ ಲೋಹಕ್ಕೆ ಆಗದು. ಬೀರುವಿನ ನಡುವಿನ ಅರೆ, ಹೊರಗೋಡೆಗೆ ತಾಗದ ಜಾಗ ಸರಿ. ತಾರಸಿಯಡಿಯ ಅಟ್ಟ ಬೇಡವೇ ಬೇಡ. ಸೆಲ್ಯುಲಾಯ್ಡ್ ಟ್ರೇ ಮಾತ್ರ ಬೇರೆಯಾಗಿರಲಿ, ದೇವರ ಮನೆಯ ದೀಪ, ಅಡುಗೆಮನೆಯಿಂದ ದೂರವಿರಲಿ.

ಟ್ರೇಯ ಕೊರತೆ ಇದು: ತೇವದ ಮೇಲೆ ಹಿಡಿತವಿಲ್ಲ. ಮಳೆ ಹಿಡಿದು ಕೂತ ವಾರಗಳಲ್ಲಿ, ಅದರಲ್ಲೂ ದಸರಾ ಆಸುಪಾಸಿನ ಮಳೆಯಲ್ಲಿ, ಪದರದ ಬ್ಯಾಡ್ಜಿನ ಅಂಚಿನಿಂದ ತೇವ ಒಳನುಗ್ಗಿ ಕಾಗದದಲ್ಲಿ ಕಂದು ಚುಕ್ಕೆ ಏಳಬಹುದು. ಒಮ್ಮೆ ಎದ್ದ ಚುಕ್ಕೆಯನ್ನು ತೆಗೆಯುವ ಉಪಾಯವಿಲ್ಲ. ಕಲೆ ಇರುವುದು ಹಾಳೆಯ ಕೆಳಗೆ. ಬೀರುವಿನೊಳಗೆ ಬಟ್ಟೆಚೀಲದಲ್ಲಿ ಅರ್ಧ ಕಿಲೋ ಜೆಲ್ ತೂಗುಬಿಟ್ಟು ವಾರಕ್ಕೊಮ್ಮೆ ಬಣ್ಣ ನೋಡಿ.

ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಬಿಟ್ಟು ಬೇರೇನೂ ಬೇಡ. ಬೆನ್ನಿನ ತುಕ್ಕನ್ನು ಮರದ ಹಲ್ಲುಕಡ್ಡಿಯಿಂದ ಕೆರೆದರೆ ಸಾಕು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕುವ ಅಭ್ಯಾಸದಲ್ಲಿ ಬ್ಯಾಡ್ಜಿನ ಬಳೆಗೂ ಹಚ್ಚಿದರೆ ಹುಳಿ ಅಂಚಿನೊಳಗೆ ಇಳಿದು ಒಳಗಿನಿಂದ ತಿನ್ನುತ್ತದೆ.

ಹಳೇ ಟಿನ್ನಿನಲ್ಲಿ ಕಲಸುಮೇಲೋಗರವಾಗಿ ಬಂದ ಬ್ಯಾಡ್ಜುಗಳನ್ನು ವಿಂಗಡಿಸುವಾಗ ಚಿಹ್ನೆಗಳೇ ಅರ್ಧ ಕೆಲಸ ಮಾಡುತ್ತವೆ. ಕಾಂಗ್ರೆಸ್ಸಿನ ಜೋಡೆತ್ತು ಇದ್ದರೆ 1971ರ ಚುನಾವಣೆಗಿಂತ ಹಿಂದಿನದು. ಹಸು-ಕರು 1971ರ ಚುನಾವಣೆಯಿಂದ, ಕೈ 1978ರಿಂದ ಈಚೆಗೆ. ಚಕ್ರದೊಳಗೆ ನೇಗಿಲು ಹೊತ್ತ ರೈತ 1977ರಲ್ಲಿ ಜನತಾ ಪಕ್ಷ ಸ್ಪರ್ಧಿಸಿದ ಚಿಹ್ನೆ. ಮಂಡ್ಯದ ಮನೆಗಳಲ್ಲಿ ಹೆಚ್ಚಾಗಿ ಕಾಣುವ ತೆನೆ ಹೊತ್ತ ಮಹಿಳೆ 1999ರ ನಂತರದ ಜೆಡಿಎಸ್‌ನದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮೊದಲಿನದೆಂದು ಬಹುಮಟ್ಟಿಗೆ ಹೇಳಬಹುದು. ಅಮೆರಿಕದ ಬ್ಯಾಡ್ಜಿನಲ್ಲಿ ಮೆಕಿನ್ಲಿ ಮುಖವಿದ್ದು ಕಟ್ಟು ಲಿಥೋ ಆಗಿದ್ದರೆ ಅದು ನಂತರದ ನಕಲು. ಅಂಚಿನ ಮಡಿಕೆಯಲ್ಲಿ 'ಕ್ಲೀನೆಕ್ಸ್ ಟಿಶ್ಯೂಸ್ 68' ಎಂಬ ಸಣ್ಣಕ್ಷರ ಹುಡುಕಿ, 1968ರಲ್ಲಿ ಜಾಹೀರಾತಿಗಾಗಿ ಹಂಚಿದ ಮರುಮುದ್ರಣದ ಗುರುತು ಅದು. ರಾಜಕೀಯ ಬ್ಯಾಡ್ಜಿನ ನಕಲಿಗೆ ತಯಾರಾದ ವರ್ಷ ಒತ್ತಲೇಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1973ರಲ್ಲಿ. ಇಂಥ ನಕಲುಗಳನ್ನು ಹೆದರದೆ ಡಬ್ಬಿಗೆ ಹಾಕಿ. ವಿಂಗಡಿಸುವಾಗ ಯಾವುದು ಸೆಲ್ಯುಲಾಯ್ಡ್ ಎಂದು ಗಟ್ಟಿಯಾಗಿ ಹೇಳಲಾಗದಿದ್ದರೆ ಅದನ್ನು ಸೆಲ್ಯುಲಾಯ್ಡ್ ಟ್ರೇಗೇ ಸೇರಿಸಿ, ಪಕ್ಕದ ಎರಡು ಸೀಳು ಖಾಲಿ ಬಿಡಿ.