ವೀರ ರೆಡಿ, ಹೋಗೋಕೆ ಊರಿಲ್ಲ: ‘ರೋಲ್ ಪ್ಲೇಯರ್’ ಜೊತೆ ಒಬ್ಬನೇ ಕಳೆದ ಎರಡು ವರ್ಷ

‘ರೋಲ್ ಪ್ಲೇಯರ್’ ಅನ್ನುವ ಈ ಬೋರ್ಡ್ ಆಟ ಮುಗಿಯುವ ಹೊತ್ತಿಗೆ ನಿಮ್ಮ ಮುಂದೆ ಒಬ್ಬ ವೀರ ತಯಾರಾಗಿ ನಿಂತಿರುತ್ತಾನೆ. ಕೈಯಲ್ಲಿ ಕತ್ತಿ, ಮೈಮೇಲೆ ಕವಚ, ತಕ್ಕಷ್ಟು ಶಕ್ತಿ, ತಕ್ಕಷ್ಟು ಬುದ್ಧಿ, ಹಿಂದೆ ಒಂದು ಕಥೆ. ಎಲ್ಲಾ ಇದೆ, ಹೋಗುವುದಕ್ಕೆ ಮಾತ್ರ ಎಲ್ಲೂ ಜಾಗ ಇಲ್ಲ. ಪಾಯಿಂಟ್ ಎಣಿಸಿ, ದಾಳಗಳನ್ನು ಚೀಲಕ್ಕೆ ಸುರಿದು, ಡಬ್ಬಿ ಮುಚ್ಚಬೇಕು ಅಷ್ಟೇ.

ಒಂದು ಸಲ ಮಗಳು ಪಕ್ಕದಲ್ಲಿ ಕೂತು ಪೂರ್ತಿ ಆಟ ನೋಡಿದಳು. ಕೊನೆಗೆ ಕೇಳಿದಳು: “ಅಪ್ಪಾ, ಇವನು ಈಗ ಯಾರ ಜೊತೆ ಹೊಡೆದಾಡ್ತಾನೆ?”

“ಯಾರ ಜೊತೆಯೂ ಇಲ್ಲ ಕಣೇ.”

“ಮತ್ತೆ ಅಷ್ಟೊತ್ತು ಯಾಕೆ ಮಾಡಿದೆ ಇವನನ್ನ?”

ಈ ವಿಮರ್ಶೆ ಹೆಚ್ಚುಕಡಿಮೆ ಆ ಪ್ರಶ್ನೆಗೆ ಉತ್ತರ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನುವ, ಒಬ್ಬೊಬ್ಬರೂ ಒಂದು ಪಾತ್ರವಾಗಿ ಸಾಹಸಕ್ಕೆ ಹೊರಡುವ ಆಟ ತಂದಾಗ ಪಾತ್ರ ಹುಟ್ಟುತ್ತಿದ್ದದ್ದು ದಾಳದಿಂದ. ಆರು ಗುಣ, ಒಂದೊಂದಕ್ಕೂ ಮೂರು ದಾಳ. ಬಿದ್ದದ್ದೇ ಹಣೆಬರಹ. ಆ ಆಟಕ್ಕೆ ಅದು ಬರೀ ಮುನ್ನುಡಿ, ಅಸಲು ಸಾಹಸ ಆಮೇಲೆ. ಕೀತ್ ಮಟೇಕಾ 2016ರಲ್ಲಿ ತಂದ ‘ರೋಲ್ ಪ್ಲೇಯರ್’ ಆ ಮುನ್ನುಡಿಯನ್ನೇ ಇಡೀ ಆಟ ಮಾಡಿದೆ. ಕೇಳಿದರೆ ತಮಾಷೆ ಅನ್ನಿಸುತ್ತದೆ. ಅಡುಗೆಗೆ ಎಲ್ಲ ಹೆಚ್ಚಿಟ್ಟು ಒಲೆ ಹಚ್ಚದೇ ಎದ್ದುಹೋದ ಹಾಗೆ. ಆದರೆ ಹೆಚ್ಚುವುದರಲ್ಲೇ ಇಷ್ಟು ಮಜಾ ಇದೆ ಅಂತ ನನಗೂ ಗೊತ್ತಿರಲಿಲ್ಲ.

ಬೋರ್ಡಿನಲ್ಲಿ ಆರು ಸಾಲು: ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಸಾಲಿಗೆ ಮೂರು ಮನೆ, ಒಟ್ಟು 18. ಶುರುವಿನಲ್ಲೇ ಆರು ದಾಳ ಕೂರಿಸುತ್ತೀರಿ. ಉಳಿದ 12 ಒಂದೊಂದಾಗಿ ಬರುತ್ತವೆ. ನಿಮ್ಮ ಕಸುಬಿನ ಕಾರ್ಡು ಯಾವ ಗುಣ ಎಷ್ಟಿರಬೇಕು ಅಂತ ಹೇಳುತ್ತದೆ. ಪೂರ್ವಕಥೆಯ ಕಾರ್ಡು ಯಾವ ಮನೆಯಲ್ಲಿ ಯಾವ ಬಣ್ಣ ಕೂರಬೇಕು ಅಂತ ಹೇಳುತ್ತದೆ. ಇನ್ನೊಂದು ಕಾರ್ಡು ನಿಮ್ಮವನು ಒಳ್ಳೆಯವನೋ ಕೆಟ್ಟವನೋ, ಶಿಸ್ತಿನವನೋ ಪುಂಡನೋ ಅಂತ ಅಳೆಯುತ್ತದೆ. ಮೂರಕ್ಕೂ ಒಂದಕ್ಕೊಂದು ಹೊಂದಾಣಿಕೆ ಇಲ್ಲ. ಜಗಳ ಹತ್ತುವುದೇ ಅಲ್ಲಿ.

ಬರೀ ಅದೃಷ್ಟ ನಂಬಿ ಕೂತರೆ ಆಗುವ ಕೆಲಸ ಅಲ್ಲ. ಮೂರು ದಾಳ ಬೀಳಬಹುದಾದ ಬಗೆ 216. ಸರಾಸರಿ ಹತ್ತೂವರೆ. 16 ಅಥವಾ ಅದಕ್ಕಿಂತ ಜಾಸ್ತಿ ಬರುವುದು 216ರಲ್ಲಿ ಹತ್ತೇ ಬಗೆಯಲ್ಲಿ. ಕಾರ್ಡು ನೋಡಿದರೆ ಆರಾಮಾಗಿ 16–17 ಬೇಕು ಅನ್ನುತ್ತದೆ! ಆ ಕಂದಕ ದಾಟಿಸುವುದೇ ಸಾಲಿನ ಕ್ರಿಯೆಗಳು. ಶಕ್ತಿಯ ಸಾಲಿನಲ್ಲಿ ದಾಳ ಇಟ್ಟರೆ ಒಂದು ದಾಳವನ್ನು ಬೋರಲು ಹಾಕಬಹುದು. ದಾಳದ ಎದುರುಬದುರು ಮುಖ ಕೂಡಿದರೆ ಯಾವಾಗಲೂ 7, ಅಂದರೆ 1 ಇದ್ದದ್ದು 6 ಆಗುತ್ತದೆ. ಚುರುಕಿನಲ್ಲಿ ಇಟ್ಟರೆ ಎರಡು ದಾಳ ಜಾಗ ಬದಲಿಸುತ್ತವೆ. ತಾಳಿಕೆಯಲ್ಲಿ ಒಂದು ಏರಿಸಬಹುದು ಇಲ್ಲಾ ಇಳಿಸಬಹುದು. ಬುದ್ಧಿಯಲ್ಲಿ ಮತ್ತೆ ಉರುಳಿಸಬಹುದು. ವಿವೇಕದಲ್ಲಿ ಇಟ್ಟರೆ ಒಳ್ಳೆಯವನೋ ಕೆಟ್ಟವನೋ ಅನ್ನುವ ಆ ಕಾರ್ಡಿನಲ್ಲಿ ನಿಮ್ಮವನ ನಡತೆ ಒಂದು ಹೆಜ್ಜೆ ಸರಿಯುತ್ತದೆ. ವರ್ಚಸ್ಸಿನಲ್ಲಿ ಇಟ್ಟರೆ ಕಾರ್ಡು ಕೊಳ್ಳುವ ಅಂಗಡಿಯಲ್ಲಿ ಒಂದು ನಾಣ್ಯ ಉಳಿಯುತ್ತದೆ.

ಮೊದಲ ಏಳೆಂಟು ಆಟ ನಾನು ಇದನ್ನು ತಪ್ಪಾಗಿಯೇ ಆಡಿದೆ. ಆಗ ತಾನೇ ಇಟ್ಟ ದಾಳವನ್ನು ಮಾತ್ರ ತಿರುಗಿಸಬಹುದು ಅಂದುಕೊಂಡಿದ್ದೆ. ಬೋರ್ಡಿನ ಯಾವ ದಾಳವನ್ನಾದರೂ ಮುಟ್ಟಬಹುದು ಅಂತ ನಿಯಮಪುಸ್ತಕದಲ್ಲಿ ಇತ್ತು, ನಾನೇ ಹಾರಿಸಿ ಓದಿದ್ದೆ. ಒಬ್ಬನೇ ಆಡುವಾಗ ಇದೊಂದು ತಾಪತ್ರಯ. ತಪ್ಪು ಹಿಡಿಯುವವರು ಎದುರಿಗೆ ಇರುವುದಿಲ್ಲ. ಗೊತ್ತಾದ ದಿನದಿಂದ ಆಟವೇ ಬೇರೆ ಆಯಿತು.

ಒಂದು ಸರದಿ ಹತ್ತಿರದಿಂದ ನೋಡಿ. ಕಳೆದ ವಾರದ್ದು, ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಶಕ್ತಿಯ ಸಾಲಿನಲ್ಲಿ ಹಸಿರು 6, ನೀಲಿ 5 ಕೂತಿವೆ. ಬೇಕಾದದ್ದು 16 ಅಥವಾ 17. ಮೂರನೇ ಮನೆಗೆ ಪೂರ್ವಕಥೆ ಕೆಂಪು ಕೇಳುತ್ತಿದೆ. ಕೆಳಗೆ ವಿವೇಕದ ಸಾಲಿನಲ್ಲಿ ಒಂದು ದರಿದ್ರ 1 ಆಗಿನಿಂದ ಕೂತು ಅಣಕಿಸುತ್ತಿದೆ. ಆರಿಸಲು ಸಿಕ್ಕಿದ್ದು ಕೆಂಪು 2, ಬಿಳಿ 6.

ಕೈ ತಾನಾಗಿ ಬಿಳಿ 6ಕ್ಕೆ ಹೋಯಿತು. ಇಟ್ಟರೆ 17, ಗುರಿ ಮುಟ್ಟಿತು. ಮೇಲಾಗಿ ಶಕ್ತಿಯ ಕ್ರಿಯೆಯಿಂದ ವಿವೇಕದ ಆ 1 ಅನ್ನು 6 ಮಾಡಿಬಿಡಬಹುದು. ಆದರೆ ಬಣ್ಣ ಹೋಯಿತು. ಕೆಂಪು 2 ಇಟ್ಟರೆ ಮೊತ್ತ ಬರೀ 13. ಆದರೆ ಅದೇ ಕ್ರಿಯೆಯಿಂದ ಅದನ್ನೇ ಬೋರಲು ಹಾಕಿದರೆ 5, ಮೊತ್ತ 16. ಗುರಿಯೂ ಸಿಕ್ಕಿತು, ಬಣ್ಣವೂ ಸಿಕ್ಕಿತು. ಆದರೆ ವಿವೇಕದ 1 ಅಲ್ಲೇ ಕೂತಿರುತ್ತದೆ. ಐದು ನಿಮಿಷ ಗಲ್ಲಕ್ಕೆ ಕೈಕೊಟ್ಟು ಕೂತೆ. ಎದುರಿಗೆ ಯಾರಾದರೂ ಇದ್ದಿದ್ದರೆ ‘ಬೇಗ ಆಡಪ್ಪಾ’ ಅಂದಿರುತ್ತಿದ್ದರು. ಒಬ್ಬನೇ ಆಡುವುದರ ಸುಖ ಇದೇ, ಯಾರೂ ಗಡಿಯಾರ ನೋಡುವುದಿಲ್ಲ. ಕೊನೆಗೆ ಕೆಂಪು ಇಟ್ಟೆ. ವಿವೇಕ ಆಟದ ಕೊನೆಯವರೆಗೂ ಸುಧಾರಿಸಲೇ ಇಲ್ಲ.

ಅದಕ್ಕೇ ಒಂದು ಮಾತು. ಚಿಕ್ಕ ಗರ ಬಿದ್ದರೆ ಮುಖ ಬಾಡಿಸಿಕೊಳ್ಳುವವರಿಗೆ ಈ ಆಟ ಬೇಗ ಒಗ್ಗುವುದಿಲ್ಲ. ನನಗೂ ಆರು ತಿಂಗಳು ಬೇಕಾಯಿತು. ಈಗ 1 ಬಿದ್ದರೆ ಮೊದಲು ಹೊಳೆಯುವುದು ಬೋರಲು ಹಾಕಿದರೆ 6 ಅಂತ. ನಿಜವಾಗಿ ಕಾಟ ಕೊಡುವುದು 3 ಮತ್ತು 4. ತಿರುಗಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಅಂಗಡಿಯ ಹಂತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಯುಧ, ಕವಚ, ಕಲೆ, ಗುಣಲಕ್ಷಣದ ಕಾರ್ಡುಗಳನ್ನು ಕೊಳ್ಳುವುದು. ಬೇಡವಾದರೆ ಒಂದು ಕಾರ್ಡು ಬಿಸಾಕಿ ಎರಡು ನಾಣ್ಯ ಪಡೆಯುವುದು. ಕವಚದ ಕಾರ್ಡುಗಳ ಪೂರ್ತಿ ಸೆಟ್ ಕೂಡಿಸುವುದು ಎಲ್ಲರಿಗೂ ಆಸೆ ಹುಟ್ಟಿಸುತ್ತದೆ, ನನಗೂ ಹುಟ್ಟಿಸಿತು. ಅರ್ಧಕ್ಕೇ ನಿಂತ ಕವಚ ಎಷ್ಟು ಸಲ ಕೈಕೊಟ್ಟಿದೆಯೋ ಲೆಕ್ಕ ಇಲ್ಲ. ಈಗೀಗ ಚಿನ್ನದ ಬಣ್ಣದ ದಾಳ ಕಂಡರೆ ಬಿಡುವುದಿಲ್ಲ, ಇಟ್ಟ ತಕ್ಷಣ ಒಂದು ನಾಣ್ಯ ಬರುತ್ತದೆ.

ಇನ್ನು ಕೊರತೆ. ಒಬ್ಬರೇ ಆಡುವಾಗ ನಿಮ್ಮ ಎದುರಾಳಿ ಒಂದು ಅಂಕಿ ಮಾತ್ರ. ಹೋದ ಸಲಕ್ಕಿಂತ ಜಾಸ್ತಿ ಬಂತಾ, ಇಲ್ವಾ? ಮೊದಲ ಮೂವತ್ತು ಆಟ ಅದೇ ಸಾಕಿತ್ತು. ಆಮೇಲೆ ನನ್ನ ಪಾಯಿಂಟು ಒಂದೇ ಮಟ್ಟದಲ್ಲಿ ಸುತ್ತತೊಡಗಿತು. ಎರಡು ಮೇಲೆ, ಮೂರು ಕೆಳಗೆ. ಗೆದ್ದೆ ಅನ್ನುವ ಹಾಗೂ ಇಲ್ಲ, ಸೋತೆ ಅನ್ನುವ ಹಾಗೂ ಇಲ್ಲ. ನಾಲ್ಕು ತಿಂಗಳು ಡಬ್ಬಿ ಕಪಾಟಿನಿಂದ ಇಳಿಯಲಿಲ್ಲ. ಇಂಥ ಆಟಗಳಲ್ಲಿ ಪಾಯಿಂಟು ಬೆನ್ನಟ್ಟುವುದೇ ಇಷ್ಟ ಅನ್ನುವವರಿಗೆ ಈ ತೊಂದರೆ ಇಲ್ಲದಿರಬಹುದು. ನನಗಂತೂ ಅದು ಬೇಗ ಸಪ್ಪೆಯಾಯಿತು.

ಮತ್ತೆ ಇಳಿಸಿದ್ದು ‘ಮಾನ್‌ಸ್ಟರ್ಸ್ ಅಂಡ್ ಮಿನಿಯನ್ಸ್’ ಸಿಕ್ಕಮೇಲೆ. ಇದು 2018ರ ವಿಸ್ತರಣೆ, ಅಂದರೆ ಮೂಲ ಆಟಕ್ಕೆ ಸೇರಿಸಿಕೊಂಡು ಆಡುವ ಇನ್ನೊಂದು ಡಬ್ಬಿ. ಅಂಗಡಿಯಲ್ಲಿ ಕೊಳ್ಳುವ ಬದಲು ಚಿಲ್ಲರೆ ರಾಕ್ಷಸರ ಮೇಲೆ ಬೀಳಬಹುದು. ಕೊನೆಗೆ ಒಬ್ಬ ದೊಡ್ಡ ರಾಕ್ಷಸ ಕಾಯುತ್ತಿರುತ್ತಾನೆ. ಅವನ ಬಗ್ಗೆ ಮೊದಲೇ ಸುಳಿವು ಕಲೆಹಾಕಿಕೊಂಡರೆ ಆ ಹೊಡೆದಾಟಕ್ಕೆ ತಯಾರಾಗಬಹುದು. ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಳ್ಳಿ! ಆಟ ಉದ್ದವಾಗುತ್ತದೆ, ಮೇಜು ತುಂಬುತ್ತದೆ. ಮೂಲ ಆಟ ನನಗೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಇದು ಸೇರಿದರೆ ಒಂದು ಗಂಟೆ ದಾಟುತ್ತದೆ. ಆದರೂ ಒಬ್ಬರೇ ಆಡುವುದಾದರೆ ವಿಸ್ತರಣೆ ಇಲ್ಲದೆ ವರ್ಷಗಟ್ಟಲೆ ಆಡಿ ಅಂತ ನಾನು ಹೇಳಲಾರೆ. ಮೊದಲೇ ಎರಡನ್ನೂ ಕೊಳ್ಳಬೇಡಿ ಅಂತಲೂ ಹೇಳುತ್ತೇನೆ. ಇಪ್ಪತ್ತು ಆಟ ಬರೀ ದಾಳದ ಜೊತೆ ಗುದ್ದಾಡಿ. ಅದು ಹಿಡಿಸದಿದ್ದರೆ ರಾಕ್ಷಸ ಬಂದರೂ ಹಿಡಿಸುವುದಿಲ್ಲ.

ಕಥೆಯೇ ಬೇಕು ಅನ್ನುವವರಿಗೆ 2021ರ ‘ರೋಲ್ ಪ್ಲೇಯರ್ ಅಡ್ವೆಂಚರ್ಸ್’ ಇದೆ. ಇಲ್ಲಿ ಕಟ್ಟಿದ ಪಾತ್ರವನ್ನು ಅಲ್ಲಿಗೆ ಕರೆದೊಯ್ಯಬಹುದು. ಇದೇ ಲೋಕದ ನಕ್ಷೆ ಬರೆಯುವ ಆಟ ‘ಕಾರ್ಟೋಗ್ರಾಫರ್ಸ್’ ಕೂಡ ಒಬ್ಬರೇ ಆಡುವುದಕ್ಕೆ ಚೆನ್ನಾಗಿದೆ. ಅದರದ್ದು ಬೇರೆಯೇ ರುಚಿ.

ಬೋರ್ಡಿನಲ್ಲಿ ದಾಳ ಕೂರಲು ಕುಳಿಗಳಿವೆ, ಮೊಣಕೈ ತಗುಲಿದರೆ ವೀರ ಚೆಲ್ಲಾಪಿಲ್ಲಿ ಆಗುವುದಿಲ್ಲ. ಸಣ್ಣ ವಿಷಯ, ಎರಡು ವರ್ಷದಲ್ಲಿ ನಾನು ಅತಿ ಹೆಚ್ಚು ಮೆಚ್ಚಿಕೊಂಡ ವಿಷಯವೂ ಅದೇ ಇರಬೇಕು.

ನೋಟ್‌ಬುಕ್ ವಿಷಯಕ್ಕೆ ಬರುತ್ತೇನೆ. ಮಗಳು ಕೇಳಿದ ದಿನದಿಂದ ಪ್ರತಿ ಆಟದ ಕೊನೆಗೂ ಪಾತ್ರಕ್ಕೆ ಒಂದು ಹೆಸರು, ಒಂದು ಸಾಲು ಬರೆಯುವ ಅಭ್ಯಾಸ ಆಗಿದೆ. ಈಗ ಪಾಯಿಂಟು ಬರೆಯುವುದು ಮರೆತರೂ ಇದನ್ನು ಮರೆಯುವುದಿಲ್ಲ. ದಾಳ ಹಾಳಾದಷ್ಟೂ ಸಾಲು ಚೆನ್ನಾಗಿ ಬರುತ್ತದೆ. ಶಕ್ತಿ 16, ವಿವೇಕ 7 ಆಗಿ ನಿಂತ ಕಳೆದ ವಾರದ ಕೆಂಪು ದಾಳದವನಿಗೆ ಮಗಳೇ ಹೆಸರಿಟ್ಟಳು: ‘ದುಡುಕಣ್ಣ’. ಅವನ ಮುಂದೆ ಅವಳ ಕೈಬರಹದಲ್ಲೇ ಹೀಗಿದೆ: “ಬಾಗಿಲು ತೆರೆದೇ ಇತ್ತು. ಆದರೂ ಗೋಡೆ ಒಡೆದುಕೊಂಡು ಒಳಗೆ ಹೋದ.”