ಗದ್ದಲದ ಸಿಗ್ನಲ್‌ಗೆ ಯಾವ ಫಿಲ್ಟರ್: ಸರಾಸರಿಯೋ, ಮೀಡಿಯನ್ನೋ, ಕಾಲ್ಮನ್ನೋ?

ಸೆನ್ಸರ್ ರೀಡಿಂಗ್ ಕುಣಿಯುತ್ತಿದೆ, ಯಾವ ಫಿಲ್ಟರ್ (ಆ ಕುಣಿತ ತಗ್ಗಿಸುವ ಲೆಕ್ಕ) ಹಾಕಲಿ ಎಂದು ಕೇಳಿದ್ದೀರಿ. ಮೊದಲು ಕಚ್ಚಾ ರೀಡಿಂಗನ್ನೇ ಗ್ರಾಫ್ ಹಾಕಿ, ಗದ್ದಲ, ಅಂದರೆ ರೀಡಿಂಗಿನಲ್ಲಿ ಸೇರುವ ಬೇಡದ ಏರಿಳಿತ, ಎಂಥದ್ದು ಅಂತ ನೋಡಿ.

20, 21, 20, 95, 20 ಎಂದು ಬಂತು ಅಂದುಕೊಳ್ಳಿ. ಸರಾಸರಿ 35.2 ಆಗುತ್ತದೆ. ಒಂದೇ ಒಂದು ಕೆಟ್ಟ ರೀಡಿಂಗ್ ಎಲ್ಲವನ್ನೂ ಎಳೆದುಬಿಟ್ಟಿತು. ಮೀಡಿಯನ್ (ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ಮಾತ್ರ 20ರಲ್ಲೇ ನಿಲ್ಲುತ್ತದೆ. ಮೋಟರ್, ರಿಲೇ ಪಕ್ಕದಲ್ಲಿದ್ದು ಆಗಾಗ ಸ್ಪೈಕ್ (ಹೀಗೆ ಒಮ್ಮೆಲೇ ಜಿಗಿಯುವ ರೀಡಿಂಗ್) ಬರುವ ಕಡೆ ಮೀಡಿಯನ್ನೇ ಸರಿ.

ಸ್ಪೈಕ್ ಇಲ್ಲ, ಸುಮ್ನೆ ಸಣ್ಣಗೆ ನಡುಗುತ್ತಿದೆ ಅಂದರೆ ಸರಾಸರಿ ಸಾಕು. ಲೆಕ್ಕವೂ ಹಗುರ. 16 ಸ್ಯಾಂಪಲ್ (ರೀಡಿಂಗ್) ತೆಗೆದುಕೊಂಡರೆ, ಒಂದಕ್ಕೊಂದು ಸಂಬಂಧವಿಲ್ಲದ ಗದ್ದಲ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಉತ್ತರ ಏಳೂವರೆ ಸ್ಯಾಂಪಲ್ ತಡ. ನಿಧಾನವಾಗಿ ಬದಲಾಗುವ ತಾಪಮಾನಕ್ಕೆ ಅದು ಲೆಕ್ಕಕ್ಕಿಲ್ಲ. ಹಾರುವ ಡ್ರೋನ್‌ಗೆ ಜಾಸ್ತಿಯೇ ಆಯಿತು, ಅಲ್ವಾ?

ಅಲ್ಲಿ ಕಾಲ್ಮನ್ ಫಿಲ್ಟರ್ ಬೇಕು. ವಸ್ತು ಹೇಗೆ ಚಲಿಸುತ್ತದೆ ಅಂತ ಮೊದಲೇ ಅಂದಾಜಿಸಿ, ರೀಡಿಂಗ್ ಬಂದಾಗ ತಿದ್ದಿಕೊಳ್ಳುತ್ತದೆ. ಎರಡು ಸೆನ್ಸರ್‌ಗಳನ್ನು ಬೆರೆಸಲೂ ಬರುತ್ತದೆ. ಕಷ್ಟ ಇರುವುದು ಹೊಂದಿಸುವುದರಲ್ಲಿ. ಸೆನ್ಸರನ್ನು ಎಷ್ಟು ನಂಬಬೇಕು, ನಮ್ಮ ಅಂದಾಜನ್ನು ಎಷ್ಟು ನಂಬಬೇಕು ಎಂಬ ಅಂಕಿಗಳು ತಪ್ಪಿದರೆ, ನೋಡಲು ನುಣುಪಾದ ತಪ್ಪು ಉತ್ತರ ಕೊಡುತ್ತದೆ. ಸ್ಪೈಕ್ ಬಂದರೂ ದಾರಿ ತಪ್ಪುತ್ತದೆ. ನಾನಾದರೆ ರೀಡಿಂಗ್ ಕಾಲ್ಮನ್‌ಗೆ ಹೋಗುವ ಮೊದಲೇ 3 ಸ್ಯಾಂಪಲ್‌ನ ಮೀಡಿಯನ್ ಇಡುತ್ತೇನೆ, ಒಂದು ಸ್ಯಾಂಪಲ್ ತಡವಾದರೂ ಪರವಾಗಿಲ್ಲ.